ನೀರಿನ ಸೂಜಿ

ಹೋದ ವಾರ ಹೊಸದುರ್ಗದಲ್ಲಿ ನಮ್ಮ ಮನೆ ಹತ್ತಿರದ ಕ್ಲಿನಿಕ್ಕಿಗೆ ಇಂಜೆಕ್ಷನ್ ಹಾಕಿಸಿಕೊಳ್ಳಲು ಹೋಗಿದ್ದೆ. ಹೊಸದಾಗಿ ಸೇರಿದ ಹುಡುಗಿ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ನನ್ನ ತೋಳು ಒರೆಸಿದಳು. ಮೂವತ್ತನಾಲ್ಕು ವರ್ಷ ಆ ವಾಸನೆಯಲ್ಲೇ ಅನ್ನ ತಿಂದವಳು ನಾನು, ನನ್ನ ಮೂಗಿಗೆ ಅದು ಗೊತ್ತೇ ಆಗುವುದಿಲ್ಲ. ಅವತ್ತು ಯಾಕೋ ಗೊತ್ತಾಯಿತು, ಕಣ್ಣು ತುಂಬಿತು. ಹುಡುಗಿ ಗಾಬರಿಯಾಗಿ, "ಅಜ್ಜಿ, ಇನ್ನೂ ಚುಚ್ಚೇ ಇಲ್ಲ ಕಣ್ರೀ" ಅಂದಳು. ಬೆಂಚಿನ ಮೇಲೆ ಕೂತಿದ್ದವರು ನಕ್ಕರು. ನಾನೂ ನಕ್ಕೆ. ನರ್ಸಾಗಿ ಪಿಂಚಣಿ ತಗೊಳ್ಳುವವಳು ಸೂಜಿ ಕಂಡು ಅತ್ತಳು ಅಂತ ಊರಲ್ಲಿ ಸುದ್ದಿಯಾಗಿದ್ದರೆ ನೀವು ನಂಬಿಬಿಡಿ, ಅತ್ತದ್ದು ನಿಜ.

ತಾಳ್ಯದ ಗೌರಮ್ಮ ತೀರಿಕೊಂಡು ಅವತ್ತಿಗೆ ಒಂದು ತಿಂಗಳೂ ತುಂಬಿರಲಿಲ್ಲ.

ನಾವಿಬ್ಬರೂ ನರ್ಸ್ ತರಬೇತಿಗೆ ಸೇರಿದ್ದು ದುರ್ಗದ ಒಂದು ಧರ್ಮಾಸ್ಪತ್ರೆಯಲ್ಲಿ. ಅದು ಮುಚ್ಚಿ ಬಹಳ ಕಾಲವಾಯಿತು, ಹೆಸರು ಬೇಡ. ಹತ್ತು ಹುಡುಗಿಯರು, ಒಂದು ಉದ್ದನೆಯ ಕೋಣೆ, ಹತ್ತು ಟ್ರಂಕು. ನನ್ನ ಟ್ರಂಕಿನ ಪಕ್ಕದ್ದು ಗೌರಳದು. ನಾನು ಓದಿನಲ್ಲಿ ಚುರುಕು, ಅಕ್ಷರ ದುಂಡಗೆ, ಸೀರೆಗೆ ಗಂಜಿ ಹಾಕಿ ಇಸ್ತ್ರಿ ಮಾಡಿದರೆ ನಿಂತಲ್ಲೇ ನಿಂತಿರಬೇಕು, ಅಂಥವಳು. ಗೌರಳ ಅಕ್ಷರ ಕೋಳಿ ಕೆದರಿದಂತೆ. ಯಾವ ಕೆಲಸಕ್ಕೆ ಕಳಿಸಿದರೂ ತಡ, ಯಾಕೆಂದರೆ ದಾರಿಯಲ್ಲಿ ಸಿಕ್ಕಿದವರ ಹತ್ತಿರ ಮಾತಿಗೆ ನಿಲ್ಲುತ್ತಿದ್ದಳು. ಬಸ್ಸಿನಲ್ಲಿ ಪಕ್ಕ ಕೂತ ಅಜ್ಜಿಯ ಸೊಸೆಗೆ ಎಷ್ಟು ತಿಂಗಳು ಅನ್ನುವುದು ಹೊಳಲ್ಕೆರೆಯಲ್ಲಿ ಇಳಿಯುವ ಹೊತ್ತಿಗೆ ಅವಳಿಗೆ ಗೊತ್ತಾಗಿರುತ್ತಿತ್ತು. "ನಿಂಗೆ ಯಾಕೇ ಬೇಕು ಅದೆಲ್ಲ?" ಅಂತ ನಾನು ರೇಗಿದರೆ, "ನಂಗೆ ಬ್ಯಾಡ ಕಣೇ, ಅವ್ರಿಗೆ ಹೇಳ್ಬೇಕಾಗಿರ್ತೈತೆ" ಅನ್ನುತ್ತಿದ್ದಳು.

ಅದು ಎಪ್ಪತ್ತೊಂದನೇ ಇಸವಿ. ಯುದ್ಧಕ್ಕಿಂತ ಮೊದಲು ಯುದ್ಧದ ಮಾತು ಬಂತು, ಅದರ ಜೊತೆಗೆ ನಮ್ಮ ಪಾಠಕ್ಕೆ ಅವಸರ ಬಂತು. ಗಾಯಾಳುಗಳು ರೈಲು ತುಂಬ ಬಂದರೂ ಬರಬಹುದು, ಎಲ್ಲ ಆಸ್ಪತ್ರೆಗಳೂ ತಯಾರಿರಬೇಕು ಅಂದರು. ಬೆಳಿಗ್ಗೆ ಬ್ಯಾಂಡೇಜು, ಮಧ್ಯಾಹ್ನ ಸ್ಟ್ರೆಚರು. ಒಬ್ಬರ ಕಾಲಿಗೆ ಒಬ್ಬರು ಬಿದಿರಿನ ಪಟ್ಟಿ ಕಟ್ಟಿಕೊಂಡು ಕುಂಟಿದ್ದೇ ಕುಂಟಿದ್ದು. ರಾತ್ರಿ ಬೆಳಕು ವಿಮಾನಗಳಿಗೆ ಕಾಣಬಾರದು ಅಂತ ಕಿಟಕಿಗಳಿಗೆಲ್ಲ ಕಪ್ಪು ಕಾಗದ ಅಂಟಿಸಿದೆವು. ಅಂಟಿಗೆ ಮೈದಾ ಕಾಯಿಸಿದ್ದೆವು, ಅದರ ಆಸೆಗೆ ಇಲಿಗಳು ವಾರದೊಳಗೆ ಕಾಗದವನ್ನೂ ತಿಂದು ಮುಗಿಸಿದವು. ಪುಸ್ತಕದ ಕೊನೆಯಲ್ಲಿ ಮನಸ್ಸಿನ ಕಾಯಿಲೆಗಳ ಬಗ್ಗೆ ಒಂದು ಅಧ್ಯಾಯವಿತ್ತು. ಪಾಠ ಮಾಡುತ್ತಿದ್ದ ಡಾಕ್ಟರು ಆ ಹಾಳೆಗಳನ್ನೆಲ್ಲ ಒಟ್ಟಿಗೆ ಹಿಡಿದು ಮಗುಚಿ, "ಇದು ಪರೀಕ್ಷೆಗೆ ಬರಲ್ಲ. ಯುದ್ಧದಲ್ಲಿ ಹೋಗೋದು ಕೈಕಾಲು, ಅದನ್ನ ಕಲೀರಿ" ಅಂದರು. ನನಗೆ ಸಂತೋಷವೇ ಆಯಿತು, ಅಷ್ಟು ಪುಟ ಕಡಿಮೆಯಾಯಿತಲ್ಲ ಅಂತ.

ಕಾಟಮ್ಮ ಬರತೊಡಗಿದ್ದು ಆ ದಿನಗಳಲ್ಲೇ. ಮದಕರಿಪುರದ ಕಡೆಯ ಒಂದು ಹಟ್ಟಿಯವಳು, ಕುರಿ ಸಾಕುವವರ ಮನೆ. ಹೆಗಲ ಮೇಲೆ ಯಾವಾಗಲೂ ಒಂದು ಕಂಬಳಿ. ಒಬ್ಬನೇ ಮಗ, ಮಿಲಿಟರಿಯಲ್ಲಿದ್ದ. ದೀಪಾವಳಿಗೆ ಮುಂಚೆ ಒಂದು ಕಾಗದ ಬಂದಿತ್ತು, ಆಮೇಲೆ ಇಲ್ಲ. ನಿದ್ದೆ ಹೋಯಿತು, ಮುದ್ದೆ ಗಂಟಲಲ್ಲಿ ಇಳಿಯದಾಯಿತು. ಏನಾಗ್ತದೆ ಅಂತ ಡಾಕ್ಟರು ಕೇಳಿದರೆ, "ತೋಳ ಕಂಡ ಕುರಿ ಹಿಂಡು ಎದೇಲಿ ಓಡ್ದಂಗೆ ಆಗ್ತೈತೆ ಸ್ವಾಮಿ" ಅಂದಳು. ಡಾಕ್ಟರು ಸ್ಟೆತಾಸ್ಕೋಪು ಇಟ್ಟು ನೋಡಿ, ಚೀಟಿಯಲ್ಲಿ ನರಗಳ ದೌರ್ಬಲ್ಯ ಅಂತ ಬರೆದು, ಕೆಳಗೆ ದಿನಕ್ಕೊಂದು ಇಂಜೆಕ್ಷನ್ ಬರೆದರು. ಅದು ಬರೀ ಡಿಸ್ಟಿಲ್ಡ್ ವಾಟರ್, ಶುದ್ಧ ನೀರು. ಔಷಧಿಯ ಪುಡಿ ಕಲಸಲು ಇಟ್ಟಿರುತ್ತಾರಲ್ಲ, ಅದು. ನೀರಾದರೂ ಚುಚ್ಚಿದರೆ ಚೆನ್ನಾಗಿ ಉರಿಯುತ್ತದೆ. ಉರಿದರೆ ರೋಗಿಗೆ ನಂಬಿಕೆ ಬರುತ್ತದೆ ಅಂತ ಲೆಕ್ಕ. ದೊಡ್ಡ ಸಿಸ್ಟರ್ ನಮ್ಮನ್ನು ಸಾಲಾಗಿ ನಿಲ್ಲಿಸಿ, "ಸರದಿ ಮೇಲೆ ಒಬ್ಬೊಬ್ರು ಕೊಡಿ, ನಿಮಗೂ ಕೈ ಪಳಗುತ್ತೆ" ಅಂದರು. ಅಲ್ಲಿಯತನಕ ನಾವು ಬದನೆಕಾಯಿಗೆ ಚುಚ್ಚಿ ಕಲಿಯುತ್ತಿದ್ದೆವು.

ಮೊದಲ ದಿನ ಸೂಜಿಯನ್ನು ತೋಳಿನ ತನಕ ಒಯ್ದು ಎರಡು ಸಲ ಹಿಂದಕ್ಕೆ ತಂದೆ. ಕಾಟಮ್ಮನೇ ನನಗೆ ಧೈರ್ಯ ಹೇಳಿದಳು. "ಹೆದರ್ಕಬ್ಯಾಡ ಕಣವ್ವ, ಚುಚ್ಚು. ಜಾಲಿ ಮುಳ್ಳಿಗಿಂತ ದೊಡ್ಡದಾ ಇದು?" ಹಾಕಿದ ಮೇಲೆ ತೋಳು ಉಜ್ಜಿಕೊಳ್ಳುತ್ತ, "ನಿನ್ ಕೈ ಹಗುರ ಐತೆ ಬಿಡು" ಅಂದಳು. ಆ ಒಂದು ಮಾತಿಗೆ ನಾನು ಎಷ್ಟು ಉಬ್ಬಿದೆ ಅಂತೀರಿ! ಮನೆಗೆ ಕಾಗದ ಬರೆದೆ, ರೋಗಿಗಳು ನನ್ನ ಕೈಯನ್ನೇ ಕೇಳುತ್ತಾರೆ ಅಂತ. ಒಬ್ಬಳು ಹೇಳಿದ್ದನ್ನು ಬಹುವಚನ ಮಾಡಿಬಿಟ್ಟೆ.

ಒಳಗಿನ ಇನ್ನೊಂದು ಮಾತು ಹೇಳಿಬಿಡುತ್ತೇನೆ. ಕೋಣೆಯಲ್ಲಿ ನಾವು ಅವಳಿಗೆ ನೀರಮ್ಮ ಅನ್ನುತ್ತಿದ್ದೆವು. "ನೀರಮ್ಮ ಬಂದ್ಲು, ಯಾರ ಸರದಿ?" ಆ ಹೆಸರು ಇಟ್ಟವಳು ನಾನು. ಎಲ್ಲರೂ ನಗುತ್ತಿದ್ದರು, ಗೌರ ನಗುತ್ತಿರಲಿಲ್ಲ. ತಮಾಷೆ ಅರ್ಥವಾಗದ ಪೆದ್ದಿ ಅಂದುಕೊಂಡಿದ್ದೆ.

ಗೌರಳ ಸರದಿ ಬಂದ ದಿನ ಅವಳು ಕಾಟಮ್ಮನನ್ನು ಆಸ್ಪತ್ರೆಯ ಹಿಂದಿನ ಮೆಟ್ಟಿಲಿಗೆ ಕರೆದುಕೊಂಡು ಹೋದಳು. ಎಷ್ಟು ಹೊತ್ತಾದರೂ ಬರಲಿಲ್ಲ ಅಂತ ನಾನು ಹೋಗಿ ಬಾಗಿಲ ಮರೆಯಲ್ಲಿ ನಿಂತೆ.

"ನಿನ್ ಮಗಂಗೆ ಏನ್ ಇಷ್ಟ ಕಾಟವ್ವ?" ಗೌರ ಕೇಳುತ್ತಿದ್ದಳು.

"ಅವ್ನಾ? ಗಿಣ್ಣು. ಮೂರು ಆಳಿನ ಗಿಣ್ಣು ಒಬ್ನೇ ತಿಂತಾನೆ."

"ಅಲ್ಲಿ ಗಿಣ್ಣು ಕೊಡ್ತಾರಾ?"

"ಕೊಡ್ದೆ ಏನು? ತುಪಾಕಿ ಕೊಟ್ಟೋರು ಗಿಣ್ಣು ಕೊಡಲ್ವಾ!" ಅಂತ ಕಾಟಮ್ಮ ನಕ್ಕಳು. ನಗುತ್ತಿದ್ದಂತೆ ಅಳು ಬಂತು. ಗೌರ ಸಮಾಧಾನ ಹೇಳಲಿಲ್ಲ, ಬೆನ್ನು ಸವರಲಿಲ್ಲ. ಅಳು ಮುಗಿಯುವವರೆಗೆ ಪಕ್ಕದಲ್ಲಿ ಕೂತಿದ್ದು, "ಆಮೇಲೆ?" ಅಂದಳು.

ಒಳಗೆ ಬಂದವಳು ದಾಖಲೆ ಪುಸ್ತಕದಲ್ಲಿ ಇಂಜೆಕ್ಷನ್ ಕೊಟ್ಟಿದೆ ಅಂತ ಬರೆದಳು. ಸಿರಿಂಜು ಟ್ರೇಯಲ್ಲಿ ಇಟ್ಟ ಹಾಗೇ ಇತ್ತು.

"ಲೇ, ಸೂಜಿ ಹಾಕ್ಲಿಲ್ವಾ?" ಅಂದೆ.

"ನೀರು ತಾನೇ? ಅವ್ಳ ಮನೇಲೂ ಐತೆ ನೀರು." ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, "ಯಾರಿಗೂ ಹೇಳ್ಬ್ಯಾಡ ಮಾರಾಯ್ತಿ, ನನ್ನ ಓಡಿಸಿಬಿಡ್ತಾರೆ. ಈ ಸರ್ಟಿಫಿಕೇಟ್ ಒಂದು ಬಂದ್ರೆ ನಮ್ಮನೇಲಿ ನನ್ ಮಾತು ಕೇಳ್ತಾರೆ. ಇಲ್ದಿದ್ರೆ ಗೊತ್ತಲ್ಲ, ಉಗಾದಿಗೆ ತಾಳಿ" ಅಂದಳು.

"ನಾನ್ಯಾಕೆ ಹೇಳ್ಲಿ?" ಅಂದೆ.

ಅವಳು ಬೇರೆಯವರ ಸರದಿಯನ್ನೂ ಕೇಳಿ ಇಸಿದುಕೊಳ್ಳತೊಡಗಿದಳು. ಎಲ್ಲರಿಗೂ ಹಾಯೆನಿಸಿತ್ತು, ಕೊಟ್ಟರು. ಕಾಟಮ್ಮ ಒಂದು ವಾರದಲ್ಲಿ ಉಣ್ಣತೊಡಗಿದಳು, ನಿದ್ದೆ ಬರುತ್ತಿದೆ ಅಂದಳು. ಡಾಕ್ಟರು ನಮ್ಮನ್ನು ಕರೆದು, "ನೋಡಿದ್ರಾ, ಇಂಜೆಕ್ಷನ್ ಹೆಂಗೆ ಕೆಲಸ ಮಾಡ್ತದೆ" ಅಂದರು. ಅಷ್ಟರಲ್ಲಿ ಯುದ್ಧ ನಿಜವಾಗಿಯೂ ಶುರುವಾಯಿತು. ಕಾಂಪೌಂಡರ ಕೋಣೆಯ ರೇಡಿಯೋ ಮುಂದೆ ಜನ ಮುತ್ತಿಕೊಂಡಿರುತ್ತಿದ್ದರು, ಕಾಟಮ್ಮ ಆ ಕಡೆ ತಲೆ ಕೂಡ ಹಾಕದೆ ನೇರ ಹಿಂದಿನ ಮೆಟ್ಟಿಲಿಗೆ ಹೋಗುತ್ತಿದ್ದಳು.

ನಾನು ಮಾತ್ರ ನನ್ನ ಸರದಿ ಬಿಟ್ಟುಕೊಟ್ಟಿರಲಿಲ್ಲ. ನನ್ನದು ಹಗುರವಾದ ಕೈಯಲ್ಲವೇ? ಆ ಬೆಳಿಗ್ಗೆ ಸಿರಿಂಜು ಕುದಿಸಿ, ನೀರು ತುಂಬಿ, ಟ್ರೇ ಹಿಡಿದು ನಿಂತೆ. ಕಾಟಮ್ಮ ನನ್ನನ್ನು ನೋಡಿ, "ತಾಳ್ಯದ ಹುಡ್ಗಿ ಎಲ್ಲವ್ವ? ಆಕೇನೇ ಬರ್ಲಿ, ನಾ ಕಾಯ್ತೀನಿ" ಅಂದಳು. ಹಿಂದೆ ಇಬ್ಬರು ಹುಡುಗಿಯರು ಕಿಸಕ್ಕೆಂದರು.

ಅಷ್ಟೇ ನಡೆದದ್ದು. ಇಷ್ಟು ವರ್ಷಗಳಲ್ಲಿ ಅದಕ್ಕೆ ದೊಡ್ಡ ಕಾರಣಗಳನ್ನು ಹುಡುಕಿದ್ದೇನೆ, ಸಿಕ್ಕಿಲ್ಲ. ಮಧ್ಯಾಹ್ನ ದೊಡ್ಡ ಸಿಸ್ಟರ ಕೋಣೆಗೆ ಹೋಗಿ, ಗೌರಮ್ಮ ಇಂಜೆಕ್ಷನ್ ಕೊಡದೆ ಕೊಟ್ಟೆ ಅಂತ ಬರೆಯುತ್ತಿದ್ದಾಳೆ ಅಂದೆ. ಯುದ್ಧಕಾಲ, ನನ್ನ ಕರ್ತವ್ಯ ಅಂತ ಏನೋ ಸೇರಿಸಿದ ನೆನಪು.

ಸಿಸ್ಟರ್ ಕೆಟ್ಟವರಲ್ಲ. ಮರುದಿನ ವರಾಂಡದಲ್ಲಿ ಗೌರಳನ್ನು ನಿಲ್ಲಿಸಿ ಅವರು ಕೇಳಿದ್ದು ಕೇಳಬೇಕಾದದ್ದೇ. "ನಾಳೆ ಗಾಯಾಳುಗಳು ಬರ್ತಾರೆ. ಧನುರ್ವಾಯು ಇಂಜೆಕ್ಷನ್ ಹಾಕದೆ ಹಾಕಿದೆ ಅಂತ ಬರೆದ್ರೆ ಹುಡುಗ ಸಾಯ್ತಾನೆ. ನಿನ್ನ ಕೈಗೆ ಹೆಂಗೆ ಕೊಡಲಿ ಅವರನ್ನ?"

"ಅಂಥದ್ದಕ್ಕೆ ಹಂಗೆ ಮಾಡ್ತೀನಾ ಸಿಸ್ಟರ್? ಇದು ಬರೀ ನೀರಲ್ವಾ!" ಅಂದಳು ಗೌರ.

ಅಂದವಳೇ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಕಾಟಮ್ಮ ಎರಡು ಮಾರು ದೂರದಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಎದ್ದು ಬಂದಳು. ಸಿಸ್ಟರನ್ನೂ ಕೇಳಲಿಲ್ಲ, ಗೌರಳನ್ನೂ ಕೇಳಲಿಲ್ಲ. ನನ್ನ ಹತ್ತಿರ ಬಂದು, "ನೀನು ಹಾಕಿದ್ದೂ ನೀರೇನವ್ವ?" ಅಂದಳು.

ನಾನು ನೆಲ ನೋಡಿದೆ.

"ಹಂಗಾರೆ ನಂಗೇನೂ ಆಗಿಲ್ಲ ಅಂದ್ಕಂಡಿದ್ರಾ ನೀವು?"

ಸಿಟ್ಟಿನಿಂದ ಕೇಳಿದ್ದಲ್ಲ. ತಿಳಿದುಕೊಳ್ಳಲು ಕೇಳಿದ್ದು. ಕಂಬಳಿಯನ್ನು ಹೆಗಲ ಮೇಲೆ ಸರಿಮಾಡಿಕೊಂಡು ಹೋದಳು, ಮತ್ತೆ ಬರಲಿಲ್ಲ.

ಶನಿವಾರ ಗೌರಳನ್ನು ಮನೆಗೆ ಕಳಿಸಿದರು. ಬಸ್ ಸ್ಟ್ಯಾಂಡಿನವರೆಗೆ ಟ್ರಂಕಿನ ಒಂದು ಹಿಡಿ ಅವಳು ಹಿಡಿದಳು, ಒಂದು ನಾನು. ಬಸ್ಸು ಹತ್ತಿ ಕಿಟಕಿಯಿಂದ, "ಚೆನ್ನಾಗಿ ಓದು. ಕಾಟವ್ವ ಏನಾದ್ರೂ ಬಂದ್ರೆ ಕೂತು ಒಂದೆರಡು ಮಾತಾಡು" ಅಂದಳು. ಯಾರು ಹೇಳಿದ್ದು ಅಂತ ಕೇಳಲೇ ಇಲ್ಲ. ಕೇಳಿದ್ದರೆ ಅಲ್ಲೂ ಸುಳ್ಳು ಹೇಳುತ್ತಿದ್ದೆನೇನೋ.

ಹೆಚ್ಚು ದಿನ ಕಳೆಯುವ ಮುಂಚೆ ಯುದ್ಧ ಮುಗಿಯಿತು. ಗಾಯಾಳುಗಳ ರೈಲು ನಮ್ಮ ಕಡೆಗೆ ಬರಲೇ ಇಲ್ಲ. ಯೋಚಿಸಿದರೆ, ಆ ಯುದ್ಧದಲ್ಲಿ ನಮ್ಮ ಆಸ್ಪತ್ರೆಗೆ ಬಂದದ್ದು ಕಾಟಮ್ಮ ಒಬ್ಬಳೇ.

ಗೌರಳಿಗೆ ಉಗಾದಿ ಕಳೆದ ಮೇಲೆ ತಾಳ್ಯದಲ್ಲೇ ಮದುವೆಯಾಯಿತು. ಮುಂದೆ ಅಂಗನವಾಡಿ ನೋಡಿಕೊಂಡಳು. ನಾನು ಎರಡು ವರ್ಷ ದುರ್ಗದಲ್ಲಿದ್ದು, ಆಮೇಲೆ ಹಿರಿಯೂರು, ಹೊಳಲ್ಕೆರೆ ಅಂತ ಊರೂರು ತಿರುಗಿದೆ. ನಮ್ಮ ಸ್ನೇಹ ಉಳಿಯಿತು. ಉಳಿಸಿಕೊಂಡವಳು ಅವಳು. ತಾಳ್ಯಕ್ಕೆ ಹೋಗುವಾಗೆಲ್ಲ ಬಸ್ಸಿನಲ್ಲಿ ಕೂತು ಒಂದು ವಾಕ್ಯ ಕಟ್ಟಿಕೊಳ್ಳುತ್ತಿದ್ದೆ, "ಗೌರ, ಅವತ್ತು ಸಿಸ್ಟರಿಗೆ ಹೇಳಿದ್ದು ನಾನು" ಅಂತ. ಅವಳು ಮಜ್ಜಿಗೆ ಕೈಗಿಟ್ಟು, "ಏನೇ ಮುಖ ಹಿಂಗಾಗೈತೆ?" ಅಂದರೆ ಸಾಕು, ನನ್ನ ಮನೆಯ ದುಃಖವನ್ನೆಲ್ಲ ಸುರಿದು, ಆ ಒಂದು ವಾಕ್ಯವನ್ನು ಹಾಗೇ ಒಯ್ದು ವಾಪಸ್ಸು ತರುತ್ತಿದ್ದೆ. ನಮ್ಮ ಯಜಮಾನರು ತೀರಿಕೊಂಡಾಗ ನಾಲ್ಕು ದಿನ ಬಂದು ನನ್ನ ಪಕ್ಕ ಕೂತಳು. ಹೇಳಿದ್ದು ಕಡಿಮೆ. ಆಮೇಲೆ, ಆಮೇಲೆ ಅಂತ ಕೇಳಿಸಿಕೊಂಡಳು.

ಇದಕ್ಕಿಂತ ನಾಚಿಕೆಯದು ಒಂದಿದೆ. ನೌಕರಿಯ ಕೊನೆಯ ವರ್ಷಗಳಲ್ಲಿ ನಮಗೆಲ್ಲ ಮಾನಸಿಕ ಆರೋಗ್ಯದ ತರಬೇತಿ ಕೊಟ್ಟರು. ಅನುಭವ ಹೇಳಿ ಅಂದಾಗ ನಾನು ಎದ್ದು ಕಾಟಮ್ಮನ ಕಥೆ ಹೇಳಿದೆ. ಔಷಧಿಗಿಂತ ಕೇಳಿಸಿಕೊಳ್ಳುವುದು ದೊಡ್ಡದು ಅಂತ ನನಗೆ ಆಗಲೇ ಹೊಳೆದಿತ್ತು ಅಂದೆ. ಹಿಂದಿನ ಮೆಟ್ಟಿಲಿನ ಮೇಲೆ ಕೂತವಳು ಆ ಕಥೆಯಲ್ಲಿ ನಾನೇ. ಚಪ್ಪಾಳೆ ತಟ್ಟಿದರು.

ಗೌರಳ ಹನ್ನೊಂದನೇ ದಿನಕ್ಕೆ ಹೋಗಿದ್ದಾಗ ಅವಳ ಮಗಳು ಶಾಂತ ಬಂದು ಪಕ್ಕ ಕೂತಳು. "ದೊಡ್ಡಮ್ಮ, ಅವ್ವ ಟ್ರೇನಿಂಗ್ ಯಾಕೆ ಬಿಟ್ಲು? ಕೇಳ್ದಾಗೆಲ್ಲ ನಿಮ್ ದೊಡ್ಡಮ್ಮನ್ನ ಕೇಳು ಅಂತಿದ್ಲು" ಅಂದಳು. ಗೌರಳಿಗೆ ಗೊತ್ತಿತ್ತು. ಅಷ್ಟು ವರ್ಷ ಗೊತ್ತಿದ್ದೇ ಮಜ್ಜಿಗೆ ಕೊಟ್ಟಿದ್ದಳು. ನೆಂಟರೆಲ್ಲ ನನ್ನ ಮುಖ ನೋಡುತ್ತಿದ್ದರು. "ಹಾಸ್ಟೆಲ್ ಊಟ ಅವಳಿಗೆ ಹಿಡಿಸಲಿಲ್ಲ ಕಣಮ್ಮ" ಅಂದೆ. ಅವಳ ಫೋಟೋಕ್ಕೆ ಹಾಕಿದ ಹೂವು ಇನ್ನೂ ಬಾಡಿರಲಿಲ್ಲ.

ಕ್ಲಿನಿಕ್ಕಿನಲ್ಲಿ ಕಣ್ಣು ತುಂಬಿದ್ದು ಈ ಸುಳ್ಳಿಗೆ. ಈ ಭಾನುವಾರ ಯಾರಿಗೂ ಹೇಳದೆ ತಾಳ್ಯದ ಬಸ್ಸು ಹತ್ತಿದೆ. ಶಾಂತ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ನಾನೂ ಎದುರಿಗೆ ಕೂತು ಎಲ್ಲ ಹೇಳಿದೆ. ನೀರಮ್ಮ ಅನ್ನುವ ಹೆಸರು, ಸಿಸ್ಟರ ಕೋಣೆ, ಚಪ್ಪಾಳೆ, ಊಟದ ಸುಳ್ಳು, ಏನೂ ಬಿಡಲಿಲ್ಲ. ಬೈಯಲಿ ಅಂತ ಕಾಯುತ್ತಿದ್ದೆ. ನಿಜ ಹೇಳಬೇಕೆಂದರೆ ಬೈದರೆ ಹಗುರಾಗಬಹುದು ಅಂತ ಆಸೆಯೂ ಇತ್ತು. ಅವಳ ಕೈ ಒಂದೆರಡು ಸಲ ನಿಂತಿತು, ಮತ್ತೆ ಬಿಡಿಸಿತು. ಕೊನೆಗೆ ತಲೆ ಎತ್ತಿ, "ಆಯಮ್ಮನ ಮಗ ಬಂದ್ನಾ?" ಅಂದಳು.

"ಗೊತ್ತಿಲ್ಲಮ್ಮ."

"ಆಮೇಲೆ ಯಾವತ್ತೂ ಕೇಳ್ಲಿಲ್ವಾ ನೀವು?"

ಕೇಳಿರಲಿಲ್ಲ. ದುರ್ಗದಲ್ಲಿದ್ದ ಆ ಎರಡು ವರ್ಷ ಮದಕರಿಪುರದವರು ಎಷ್ಟೋ ಜನ ನನ್ನ ಕೈಯಲ್ಲಿ ಚೀಟಿ ಬರೆಸಿಕೊಂಡು ಹೋಗಿದ್ದಾರೆ. ಐವತ್ತು ವರ್ಷ ಈ ತಪ್ಪನ್ನು ತಿರುಗಿಸಿ ತಿರುಗಿಸಿ ನೋಡಿದ್ದೇನೆ. ಅದರೊಳಗೆ ನಾನಿದ್ದೆ, ಗೌರ ಇದ್ದಳು, ಕಾಟಮ್ಮ ಕೂಡ ನನ್ನನ್ನು ಪ್ರಶ್ನೆ ಕೇಳಲಿಕ್ಕೆ ಮಾತ್ರ ಇದ್ದಳು. ಯಾರಿಗಾಗಿ ಅವಳು ನಿದ್ದೆಗೆಟ್ಟಿದ್ದಳೋ ಆ ಹುಡುಗ ಅದರಲ್ಲಿ ಇರಲೇ ಇಲ್ಲ. ಅವನ ಹೆಸರು ನನಗೆ ಗೊತ್ತಿಲ್ಲ. ಗೌರಳಿಗೆ ಗೊತ್ತಿರುತ್ತಿತ್ತು.

"ಹಟ್ಟೀಲಿ ಯಾರಾದ್ರೂ ಹಳಬರು ಇರ್ತಾರೆ. ಹೋಗಾಣ ಬರ್ರಿ ದೊಡ್ಡಮ್ಮ, ಏನು ದೂರ ಐತೆ?" ಅಂದಳು ಶಾಂತ.

ನಾಳೆ ಬೆಳಿಗ್ಗೆ ಹೋಗುತ್ತಿದ್ದೇವೆ. ಹೀಗೆ ಕೇಳುವುದನ್ನು ನಮಗೆ ಯಾರೂ ಕಲಿಸಿರಲಿಲ್ಲ ಅಂತ ಬರೆದು ಇದನ್ನು ಮುಗಿಸಲು ಹೊರಟಿದ್ದೆ. ಅದೂ ಸುಳ್ಳಾಗುತ್ತಿತ್ತು, ಗೌರ ಕೇಳುವಾಗ ಬಾಗಿಲ ಮರೆಯಲ್ಲಿ ನಾನು ನಿಂತಿದ್ದೆನಲ್ಲ.