ಕಟ್ಟೆಯ ಕೆಳಗೆ ಕೆಂಪು ನೀರು

ನಮ್ಮೂರು ಸಂತಪುರದಿಂದ ಸ್ವಲ್ಪ ಒಳಗೆ, ಮೂರು ಕೆಂಪು ಗುಡ್ಡಗಳ ನಡುವೆ ಇದೆ. ಗುಡ್ಡದ ನೀರೆಲ್ಲ ಇಳಿದು ನಿಲ್ಲುವ ಕೆರೆ ಮೇಲ್ಗಡೆ ಇದೆ. ಅದರ ಕಟ್ಟೆಯ ಕೆಳಗೆ ನಮ್ಮ ಓಣಿ. ಕಟ್ಟೆಯ ಬುಡದಲ್ಲಿ ವರ್ಷವಿಡೀ ಬೆರಳಷ್ಟು ನೀರು ಜಿನುಗುತ್ತಿತ್ತು. ಆ ತಿಳಿನೀರಿನಲ್ಲೇ ನಾವು ಹೆಂಗಸರು ಭಾಂಡೆ ತಿಕ್ಕುತ್ತಿದ್ದೆವು.

ಆ ವರ್ಷ ನಾಲ್ಕು ದಿನ ಬಿಡದೆ ಹೊಡೆದ ಮಳೆ ಐದನೆಯ ಬೆಳಿಗ್ಗೆ ನಿಂತಿತು. ನಾನು ಕಟ್ಟೆಯ ಬುಡಕ್ಕೆ ಹೋದಾಗ ಪಕ್ಕದ ಮನೆಯ, ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಖಾಲಾ ಸ್ಟೀಲಿನ ಬಟ್ಟಲು ಹಿಡಿದು, ಅದರೊಳಗೇ ನೋಡುತ್ತ ನಿಂತಿದ್ದರು. ಗಾದಿ ಹೊಲಿಯುವುದು ಅವರ ಕೆಲಸ. ಅವರ ಮಾವ ಒಂದು ಕಾಲಕ್ಕೆ ಈ ಕೆರೆಯಿಂದ ಹೊಲಗಳಿಗೆ ನೀರು ಬಿಡುತ್ತಿದ್ದವರು.

"ನೋಡವಾ, ನೀರ ಕೆಂಪ ಬರ್ಲಾಕತ್ತದ."

"ಮಳಿ ನೀರ ಕೂಡೇದ ಖಾಲಾ, ಮತ್ತೇನಿಲ್ಲ" ಅಂದೆ.

"ಮಳಿ ನಿಂತು ಎಷ್ಟೊತ್ತಾತು? ತಿಳಿ ನೀರ ಬಂದ್ರ ಅಂಜಿಕಿಲ್ಲ. ಮಣ್ಣ ತಗೊಂಡ ಬಂದ್ರ ಕಟ್ಟಿ ಒಳಗಿಂದ ಕರಗ್ಲಾಕತ್ತದ ಅಂತ ತಿಳಿ."

ನಮ್ಮಪ್ಪ ಆಗ ಪಂಚಾಯ್ತಿ ಮೆಂಬರು. ಖಾಲಾ ಬಂದು ಹೇಳಿದರೆ ಅವರು ನಕ್ಕುಬಿಟ್ಟರು. ಖಾಲಾ ಮತ್ತೆ ಕಟ್ಟೆಯ ಬುಡಕ್ಕೆ ಹೋದರು. ಸ್ವಲ್ಪ ಹೊತ್ತಿಗೆ ಎರಡು ಬಟ್ಟಲು ತಂದು ಅಪ್ಪನ ಮುಂದಿಟ್ಟರು. ಮೊದಲು ತುಂಬಿದ್ದರ ತಳದಲ್ಲಿ ಚಿಟಿಕೆ ಮಣ್ಣು. ಈಗ ತುಂಬಿದ್ದರಲ್ಲಿ ಬೆರಳಿನಷ್ಟು ದಪ್ಪ.

ಅಪ್ಪ ಎದ್ದು ನಿಂತರು. ಔರಾದಿನ ತಾಲೂಕು ಕಚೇರಿಗೆ ಫೋನು ಮಾಡಿದರು. ಹಳ್ಳ ರಸ್ತೆಯ ಮೇಲೆ ಹರಿಯುತ್ತಿದೆ, ಇಳಿದ ಮೇಲೆ ಬರುತ್ತೇವೆ ಎಂದು ಉತ್ತರ ಬಂತು. ನಾನು ಮನೆಮನೆಯ ಬಾಗಿಲು ಬಡಿಯುತ್ತ ಓಡಿದೆ. "ಸಾಲಿಗೆ ನಡೀರಿ, ಏನೂ ತಗೋಬ್ಯಾಡ್ರಿ!" ಶಾಲೆ ಇದ್ದದ್ದು ಗುಡ್ಡದ ಮೇಲೆ. ಕೂಸುಗಳನ್ನು ಎತ್ತಿಕೊಂಡು, ಮುದುಕರ ಕೈ ಹಿಡಿದು ಓಣಿಯೇ ಏರತೊಡಗಿತು. ಯಾರೋ ಎಮ್ಮೆಯ ಹಗ್ಗ ಬಿಚ್ಚಲಾಗದೆ ಕುಡುಗೋಲಿನಿಂದ ಕತ್ತರಿಸಿದರು.

ನಾನು ಕಟ್ಟೆಗೆ ಮರಳಿದಾಗ ಜಿನುಗು ಧಾರೆಯಾಗಿತ್ತು. ಗಂಡಸರು ಗೋಣಿಚೀಲಗಳಿಗೆ ಮಣ್ಣು ತುಂಬುತ್ತಿದ್ದರು. ಆದರೆ ಕೆರೆಯ ಕಡೆ ತೂತು ಎಲ್ಲಿದೆ? ನೀರು ರಾಡಿ, ಏನೂ ಕಾಣದು. ಖಾಲಾ ಮೊರದ ತುಂಬ ತೊಗರಿ ಹೊಟ್ಟು ತಂದು ದಂಡೆಯುದ್ದಕ್ಕೂ ಚೆಲ್ಲುತ್ತ ಬಂದರು. ಹೊಟ್ಟು ತೇಲಿತು. ಕಟ್ಟೆಯ ಮೇಲಿನ ಬೇವಿನ ಗಿಡದ ನೇರಕ್ಕೆ ಮಾತ್ರ ಒಂದು ಕಡೆ ಸೇರಿ, ಗಿರ್ರನೆ ತಿರುಗಿ ಒಳಗೆ ಹೋಯಿತು.

"ಅಲ್ಲೇ ಅದ ರೀ!" ಖಾಲಾ ಕೂಗಿದರು.

ಅಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದರು. ಹಗ್ಗದ ತುದಿಗೆ ನಾನೂ ಇದ್ದೆ. ಎದೆಮಟ್ಟದ ನೀರಿನಲ್ಲಿ ಕಾಲಿನಿಂದ ತಡಕಾಡುತ್ತಿದ್ದವರು ಒಮ್ಮೆಲೇ ಗದ್ದದವರೆಗೆ ಮುಳುಗಿದರು. "ಕಾಲ ಜಗ್ಲಾಕತ್ತದ! ಹಿಡೀರಿ!" ಹಗ್ಗ ನನ್ನ ಅಂಗೈ ಸುಲಿಯಿತು. ಆರು ಜನ ಹಿಂದಕ್ಕೆ ಬಿದ್ದು ಎಳೆದೆವು. ಕಾಲು ಬಂತು.

ಚೀಲ ಒಗೆದರೆ ಪಕ್ಕಕ್ಕೆ ಸರಿದು ಹೋಗುತ್ತಿತ್ತು. ಆಗ ಖಾಲಾ ಮನೆಯಿಂದ ಗಾದಿಗಳನ್ನು ತರಿಸಿದರು. ಗಿರಾಕಿಗಳಿಗೆಂದು ಹೊಲಿದಿಟ್ಟ ಹೊಸ ಗಾದಿಗಳು. ಸುರುಳಿ ಸುತ್ತಿ, ಕಲ್ಲು ಕಟ್ಟಿ ಇಳಿಬಿಟ್ಟೆವು. ಮೊದಲನೆಯದನ್ನು ನೀರು ನುಂಗಿತು. ಎರಡನೆಯದು ಸಿಕ್ಕಿಕೊಂಡಿತು. ಅದರ ಮೇಲೆ ಚೀಲದ ಮೇಲೆ ಚೀಲ.

ನಾನು ಕೆಳಗೋಡಿ ಬಟ್ಟಲು ಒಡ್ಡಿದೆ. ಕೆಂಪು. ಮತ್ತೂ ಕೆಂಪು. ಎಷ್ಟು ಸಲ ತುಂಬಿ ಚೆಲ್ಲಿದೆನೋ ನೆನಪಿಲ್ಲ. ಕೊನೆಗೆ ಧಾರೆ ಸಣ್ಣದಾಗಿ, ಬಟ್ಟಲಿನ ತಳ ಮಸುಕಾಗಿ ಕಂಡಾಗ ಅಲ್ಲೇ ಕೂತು ಅತ್ತೆ.

ಮಧ್ಯಾಹ್ನ ಹಳ್ಳ ಇಳಿದ ಮೇಲೆ ಔರಾದಿನಿಂದ ಜೆಸಿಬಿ ಬಂದು, ಒಂದು ಬದಿಯಲ್ಲಿ ಕಾಲುವೆ ತೋಡಿ ನೀರು ಹೊರಬಿಟ್ಟಿತು. ಕಟ್ಟೆ ಉಳಿಯಿತು, ಓಣಿ ಉಳಿಯಿತು.

ಎರಡು ದಿನ ಬಿಟ್ಟು ಅಪ್ಪ ಕುಂಟುತ್ತ ಖಾಲಾ ಮನೆಗೆ ಹೋದರು. ನಾನೂ ಜೊತೆಗಿದ್ದೆ. "ನಿಮ್ಮ ಮಾತ ಮೊದಲೇ ಕೇಳಬೇಕಿತ್ತರಿ. ನಕ್ಕಿದ್ದು ತಪ್ಪಾತು" ಅಂದರು.

ನಾನು ತಲೆ ತಗ್ಗಿಸಿದೆ. ಮೊದಲು ಅವರ ಮಾತು ತಳ್ಳಿಹಾಕಿದವಳು ನಾನೇ.

ಖಾಲಾ ಚಹಾದ ಕಪ್ಪು ಮುಂದೆ ಸರಿಸಿದರು. "ಕೇಳಿದ್ರಲ್ಲರಿ. ಚಹಾ ಕುಡೀರಿ, ಆರ್ಲಾಕತ್ತದ."