ಕೆಲಸ ಹುಡುಕುತ್ತಿದ್ದೇನೆ ಎಂದವಳು

ಬೀದಿಯವರೆಲ್ಲ ಅವಳನ್ನು ಪೇಂಟರ್ ಹೆಂಡತಿ ಎನ್ನುತ್ತಿದ್ದರು. ಗಂಡ ಮನೆಗಳಿಗೆ ಬಣ್ಣ ಹೊಡೆಯುವವನು. ಕೆಲಸ ಬಂದರೆ ಉಸಿರಾಡಲೂ ಪುರುಸೊತ್ತಿಲ್ಲ, ಬಾರದಿದ್ದರೆ ಬ್ರಷ್ಷುಗಳನ್ನು ತೊಳೆದು ಒಣಗಿಸಿಕೊಂಡು ಕಿಟಕಿಯ ಪಕ್ಕ ಕೂರುವ ಬದುಕು.

ಆ ಮನೆಗೆ ವರ್ಷಕ್ಕೊಮ್ಮೆ ಸಮೀಕ್ಷೆಯವರು ಬರುತ್ತಿದ್ದರು. ಜನರ ದುಡಿಮೆ, ನಿರುದ್ಯೋಗ ಕಾಲ ಕಳೆದಂತೆ ಹೇಗೆ ಬದಲಾಗುತ್ತದೆ ಎಂದು ತಿಳಿಯಲು ಅವೇ ಮನೆಗಳಿಗೆ ಮತ್ತೆ ಮತ್ತೆ ಹೋಗಿ ಅವೇ ಪ್ರಶ್ನೆ ಕೇಳುವ ಸಮೀಕ್ಷೆ ಅದು. ಮೊದಮೊದಲು ಬರುತ್ತಿದ್ದಾತ ಬಾಗಿಲಲ್ಲೇ ನಿಂತು ಗಂಡನನ್ನು ಕೇಳುತ್ತಿದ್ದ. ಹೆಂಡತಿಯ ಸರದಿ ಬಂದಾಗ ಗಂಡ "ಅವಳು ಮನೇಲೇ ಇರ್ತಾಳೆ" ಎನ್ನುತ್ತಿದ್ದ. ಅವಳ ಕತೆ ಅಷ್ಟಕ್ಕೇ ಮುಗಿಯುತ್ತಿತ್ತು.

ಒಂದು ವರ್ಷ ಅವನ ಬದಲು ಒಬ್ಬ ಹೆಂಗಸು ಬಂದಳು. ಗಂಡ ಎಂದಿನಂತೆ ಬಾಯಿ ತೆರೆದ.

"ಮನೇಲಿದ್ರೆ ಅವರನ್ನೇ ಕೇಳ್ಬೇಕು ಸರ್, ನಮ್ಮ ನಿಯಮ," ಎಂದಳು ಆಕೆ.

ಪೇಂಟರ್ ಹೆಂಡತಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದು ಸ್ಟೂಲಿನ ಅಂಚಿನಲ್ಲಿ ಕೂತಳು.

"ಕಳೆದ ವಾರ ಸಂಬಳಕ್ಕೋ ಕೂಲಿಗೋ ಏನಾದ್ರೂ ಕೆಲಸ ಮಾಡಿದ್ರಾ? ಒಂದು ಗಂಟೆಯಾದ್ರೂ?"

"ಇಲ್ಲ."

ಒಳಗೆ ಮಲಗಿದ್ದ ಅತ್ತೆ ಎದ್ದೇ ಕೂತರು. "ಇಲ್ಲ ಅಂತ ಬರ್ಕೊಂಡ್ರಾ? ಇವಳು ಬೆಳಗ್ಗೆಯಿಂದ ಕೂತಿದ್ದು ಇದೇ ಮೊದಲು ಕಣಮ್ಮ!"

"ಮನೆಕೆಲಸಕ್ಕೆ ಬೇರೆ ಪ್ರಶ್ನೆ ಇದೆ ಅಜ್ಜಿ," ಎಂದು ಆಕೆ ನಕ್ಕು, ಮತ್ತೆ ಸೊಸೆಯ ಕಡೆ ತಿರುಗಿದಳು. "ಕೆಲಸ ಹುಡುಕ್ತಾ ಇದ್ದೀರಾ?"

ಈ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಅವಳೂ ಕೇಳಿಕೊಂಡಿರಲಿಲ್ಲ. ಅವಳ ಅಪ್ಪ ಸುಟ್ಟುಹೋದ ಮೋಟಾರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತಿಕೊಡುವ ವೈಂಡಿಂಗ್ ಅಂಗಡಿ ಇಟ್ಟಿದ್ದವರು. ಹುಡುಗಿಯಾಗಿದ್ದಾಗ ಅವಳು ಶಾಲೆಯಿಂದ ಬಂದವಳೇ ಅಪ್ಪನ ಎದುರು ಕೂತು ಫ್ಯಾನುಗಳಿಗೆ ತಂತಿ ಸುತ್ತುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಅಂಗಡಿಯೂ ಹೋಯಿತು, ಮದುವೆಯಾಗಿ ಅವಳೂ ಈ ಮನೆಗೆ ಬಂದಳು.

"ಹುಡುಕ್ತಾ ಇದೀನಿ ಅಂತ ಬರ್ಕೊಳ್ಳಿ."

ಗಂಡ ಕಣ್ಣು ಕಣ್ಣು ಬಿಟ್ಟ. "ಯಾವಾಗಿಂದ?"

"ಈಗಿಂದ."

ಸಮೀಕ್ಷೆಯ ಹೆಂಗಸು ಪೇಚಿಗೆ ಸಿಕ್ಕಿದಳು. "ಈಗಿಂದ ಅಂದ್ರೆ ಆಗಲ್ಲ ಅಕ್ಕ. ಹೋದ ತಿಂಗಳು ಎಲ್ಲಾದ್ರೂ ಕೇಳಿರ್ಬೇಕು. 'ಕೆಲಸ ಬೇಕು, ಆದರೆ ಹುಡುಕಿಲ್ಲ' ಅಂತ ಹಾಕ್ತೀನಿ."

"ನಿರುದ್ಯೋಗಿ ಅನ್ನಿಸಿಕೊಳ್ಳೋಕೂ ಇಷ್ಟು ಕಷ್ಟಪಡ್ಬೇಕಾ?" ಎಂದರು ಅತ್ತೆ. ಗಂಡನಿಗೂ ನಗು ತಡೆಯಲಾಗಲಿಲ್ಲ.

ಅವಳು ಮಾತ್ರ ನಗಲಿಲ್ಲ. ಮರುವಾರವೇ ಚಪ್ಪಲಿ ಮೆಟ್ಟಿ ಹೊರಟಳು. ಪಂಪ್‌ಸೆಟ್ ಅಂಗಡಿ, ಮಿಕ್ಸಿ ರಿಪೇರಿಯವರು, ಸ್ಟೆಬಿಲೈಸರ್ ಮಾಡುವ ಸಣ್ಣ ಕಾರ್ಖಾನೆ, ಎಲ್ಲ ಕಡೆ ಕೇಳಿದಳು. ಒಬ್ಬ "ಗಂಡಸರ ಕೆಲಸ ಅಲ್ವೇನಮ್ಮ" ಎಂದ. ಇನ್ನೊಬ್ಬ ಕಸ ಗುಡಿಸಲು ಬರುತ್ತೀಯಾ ಎಂದ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತದ್ದೂ ಉಂಟು.

ಮುಂದಿನ ವರ್ಷ ಸಮೀಕ್ಷೆಯ ಹೆಂಗಸು ಬಂದಾಗ ಪೇಂಟರ್ ಹೆಂಡತಿಗೆ ಮುಖ ತೋರಿಸುವುದೇ ಬೇಡವೆನಿಸಿತು.

"ಹೋದ ಸಲ ಕೆಲಸ ಬೇಕು, ಹುಡುಕಿಲ್ಲ ಅಂದಿದ್ರಿ. ಈಗ?"

"ಹುಡುಕ್ದೆ. ಸಿಗ್ಲಿಲ್ಲ."

"ಹೇಗೆಲ್ಲ ಹುಡುಕಿದ್ರಿ? ಅಂಗಡಿಗಳಲ್ಲಿ ಕೇಳಿದ್ರಾ?" ಕೇಳಿದ್ದಳು. "ಪೇಪರ್ ನೋಡಿದ್ರಾ?" ನೋಡಿದ್ದಳು. "ನೆಂಟರು, ಪರಿಚಯದವರನ್ನ ಕೇಳಿದ್ರಾ?"

ಇಲ್ಲಿ ಅವಳು ತಡವರಿಸಿದಳು. ಅಪ್ಪನ ಕೈಕೆಳಗೆ ಕೆಲಸ ಕಲಿತ, ಅವಳು ಅಣ್ಣ ಎಂದೇ ಕರೆಯುತ್ತಿದ್ದ ಒಬ್ಬ ಪೇಟೆಯ ಆ ತುದಿಯಲ್ಲಿ ಸ್ವಂತ ಅಂಗಡಿ ಇಟ್ಟಿದ್ದ. ಒಂದು ಕಾಲಕ್ಕೆ ಅವಳ ತವರಿನಲ್ಲೇ ಉಂಡು ಬೆಳೆದವನು. ಅವನೆದುರು ಕೈಚಾಚಿ ನಿಲ್ಲಲು ಮನಸ್ಸೊಪ್ಪದೆ ಅವಳು ಆ ರಸ್ತೆಯನ್ನೇ ಬಿಟ್ಟು ಓಡಾಡಿದ್ದಳು.

"ಕೇಳಿಲ್ಲ," ಎಂದಳು ಮೆಲ್ಲಗೆ. ಆಮೇಲೆ, "ಕೇಳ್ಬೇಕಿತ್ತಾ?" ಎಂದಳು.

"ಅದನ್ನ ನಾನು ಹೇಳೋ ಹಾಗಿಲ್ಲ ಅಕ್ಕ," ಎಂದಳು ಆಕೆ. "ಕೇಳೋದಷ್ಟೇ ನನ್ನ ಕೆಲಸ."

ಮಾರನೆಯ ದಿನ ಅವಳು ಆ ಅಂಗಡಿಯ ಮುಂದೆ ನಿಂತಿದ್ದಳು. ಅಣ್ಣ ಕನ್ನಡಕ ಹಣೆಗೇರಿಸಿ ನೋಡಿದ. "ಪುಟ್ಟಿ! ಈಗ ನೆನಪಾಯ್ತಾ ದಾರಿ?"

ಕೆಲಸ ಕೇಳಲು ಬಂದೆ ಎಂದಳು. ಅವನು ಒಂದು ಸುಟ್ಟ ಫ್ಯಾನನ್ನು ಅವಳ ಮುಂದೆ ಸರಿಸಿದ. ಬೆರಳಿಗೆ ಹಳೆಯ ಅಭ್ಯಾಸ ಇನ್ನೂ ಇತ್ತು, ಕಣ್ಣಿಗೆ ಮಾತ್ರ ತಾಳ್ಮೆ ಇರಲಿಲ್ಲ. ಇಡೀ ಬೆಳಗು ಕೂತು ಸುತ್ತಿ, ಸ್ವಿಚ್ ಒತ್ತಿದರೆ ಫ್ಯಾನು ತಿರುಗುವ ಬದಲು ಗುಂಯ್‌ಗುಟ್ಟಿ ಹೊಗೆ ಬಿಟ್ಟಿತು. ಅವಳ ಮುಖ ಬಾಡಿತು.

"ನಿಮ್ಮಪ್ಪನ ಅಂಗಡೀಲಿ ನಾನು ಎಬ್ಬಿಸಿದ ಹೊಗೆ ನೋಡಿದ್ರೆ ಇದೇನೂ ಅಲ್ಲ," ಎಂದು ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ಬಿಚ್ಚು. ಮತ್ತೆ ಸುತ್ತು. ನಾಳೆ ಬೇಗ ಬಾ."

ಬೇಗ ಹೋದಳು, ಮತ್ತೆ ಹೋದಳು. ವಾರ ಕಳೆಯುವಷ್ಟರಲ್ಲಿ ಅವಳು ಸುತ್ತಿದ ಫ್ಯಾನು ಸದ್ದಿಲ್ಲದೆ ತಿರುಗಿತು. ಕೆಲಸವಿಲ್ಲದ ದಿನಗಳಲ್ಲಿ ಗಂಡ ಒಲೆ ಹಚ್ಚಲು ಕಲಿತ. ಮೊದಲ ಸಲ ಅವನು ಮಾಡಿದ ಅನ್ನ ಪೇಸ್ಟಿನಂತಾಗಿತ್ತು. ಅತ್ತೆ ಅದನ್ನು ಉಂಡು, "ಗೋಡೆಗೆ ಬಳಿಯೋ ಅಭ್ಯಾಸ ಬಿಡಲಿಲ್ಲ ನೀನು," ಎಂದರು.

ಅದರ ಮುಂದಿನ ವರ್ಷ ಸಮೀಕ್ಷೆಯ ಹೆಂಗಸು ಮನೆಯಲ್ಲಿ ಅವಳನ್ನು ಕಾಣದೆ ಅಂಗಡಿಗೇ ಬಂದಳು. ಪೇಂಟರ್ ಹೆಂಡತಿ ಕೂತಲ್ಲಿಂದಲೇ ಉತ್ತರ ಹೇಳಿದಳು. ಕೆಲಸ ಏನು? ವೈಂಡಿಂಗ್. ಎಷ್ಟು ಕಾಲದಿಂದ? ಹೋದ ವರ್ಷ ನೀವು ಬಂದುಹೋದ ಮಾರನೆಯ ದಿನದಿಂದ. ಆಕೆ ತಲೆಯೆತ್ತಿ ಅವಳನ್ನೊಮ್ಮೆ ನೋಡಿ, ಬರೆದುಕೊಂಡಳು.

"ಈಗಿರೋ ಕೆಲಸ ಸಾಕಾ, ಬೇರೆ ಏನಾದ್ರೂ ಬೇಕು ಅನ್ಸುತ್ತಾ?"

ಅವಳು ಮೂಲೆಯಲ್ಲಿದ್ದ ದೊಡ್ಡ ಪಂಪ್ ಮೋಟಾರಿನತ್ತ ನೋಡಿದಳು. ಅದನ್ನು ಇನ್ನೂ ಅಣ್ಣ ಅವಳ ಕೈಗೆ ಕೊಟ್ಟಿರಲಿಲ್ಲ.

"ಅದು ಬೇಕು," ಎಂದಳು, ಅಣ್ಣನಿಗೂ ಕೇಳಿಸುವಂತೆ.