ಹುಲ್ಲಿನ ಮೂಟೆಯ ಅಳತೆ

ಹೊಸನಗರದಲ್ಲಿ ಹೊಲಿಗೆ ತರಗತಿ ಶುರುವಾದಾಗ ಗೇಣಿದಾರರ ಮನೆಯಿಂದ ಹೋದವಳು ನಾನೊಬ್ಬಳೇ. ಅರವತ್ತರ ದಶಕ, ನಮ್ಮ ಜಾತಿಯವರು ಮುಟ್ಟಿದರೆ ಮೈಲಿಗೆ ಎನ್ನುತ್ತಿದ್ದ ಕಾಲ; ಒಡೆಯರಿಗೆ ಸಿಟ್ಟು ಬಂದರೆ ನಾವು ಉಳುವ ಗದ್ದೆ ಬೇರೆಯವರ ಪಾಲು. ಅಪ್ಪ ದಿನಾ ಹೇಳುತ್ತಿದ್ದ: "ಅಲ್ಲಿ ಯಾರ್ನೂ ಮುಟ್ಬ್ಯಾಡ ಮಾರಾಯ್ತಿ."

ಮುಟ್ಟದೆ ಅಳತೆ ತೆಗೆಯುವುದು ಹೇಗೆ? ಉಳಿದ ಹುಡುಗಿಯರು ಒಬ್ಬರಿಗೊಬ್ಬರು ಟೇಪು ಸುತ್ತಿ, ಕಚಗುಳಿಯಾಗಿ ಕಿಸಿಕಿಸಿ ನಗುತ್ತಿದ್ದರು. ನನ್ನ ಹತ್ತಿರ ಯಾರು ನಿಲ್ಲುತ್ತಾರೆ? ಟೇಪನ್ನು ಮನೆಗೆ ಕೊಡುತ್ತಿರಲಿಲ್ಲ. ಗೋಣಿಚೀಲಕ್ಕೆ ಹುಲ್ಲು ತುಂಬಿ, ತರಗತಿಯ ಜಗಲಿಯ ಮೂಲೆಯಲ್ಲೇ ಅದರ ಎದೆ, ಸೊಂಟ ಅಳೆಯುತ್ತಿದ್ದೆ. ಹೊಟ್ಟೆ ಉರಿಯುತ್ತಿತ್ತು.

ಪಾಸಾದರೆ ಹೊಲಿಗೆ ಟೀಚರ್ ಕೆಲಸ. ಇಲ್ಲದಿದ್ದರೆ ಒಡೆಯರ ಕೊಟ್ಟಿಗೆಯ ಸಗಣಿ. ಪರೀಕ್ಷೆಗೆ ಶಿವಮೊಗ್ಗದಿಂದ ಬಂದ ಮೇಡಂ, ಅತಿಥಿಯಾಗಿ ಬಂದು ಕುರ್ಚಿಯಲ್ಲಿ ಕೂತಿದ್ದವರನ್ನು ತೋರಿಸಿ, "ಇವರ ರವಿಕೆಗೆ ಅಳತೆ ತೆಗಿ" ಎಂದರು. ಅಯ್ಯೋ ದೇವರೇ, ಅವರು ನಮ್ಮ ಒಡೆಯರ ಹೆಂಡತಿ!

ಜೀವ ಬಾಯಿಗೆ ಬಂತು. ಮುಟ್ಟಿದರೆ ಗದ್ದೆ ಹೋಯಿತು, ಮುಟ್ಟದಿದ್ದರೆ ಪರೀಕ್ಷೆ ಹೋಯಿತು. ಅಮ್ಮನವರು ಎದ್ದು ನಿಂತರು. ದೇವರ ಮೇಲೆ ಭಾರ ಹಾಕಿ ಟೇಪು ಸುತ್ತಿದೆ. ಮೂಟೆಗೆ ಎಳೆಯುವಂತೆಯೇ ಬಿಗಿಯಾಗಿ ಎಳೆದುಬಿಟ್ಟೆ.

"ಉಸಿರಾಡಕ್ಕಾದ್ರೂ ಬಿಡೇ!" ಎಂದರು ಅಮ್ಮನವರು.

ಮೂಟೆ ಉಸಿರಾಡಿದ್ದರೆ ತಾನೇ ನನಗೆ ಗೊತ್ತಾಗುವುದು! ಅವರು ಎರಡು ಬೆರಳನ್ನು ಟೇಪಿನೊಳಗೆ ತೂರಿಸಿ, "ಇಷ್ಟು ಸಡ್ಲ ಇರ್ಲಿ" ಎಂದರು.

ಪಾಸಾದೆ. ವಿಷಯ ಕೇಳಿ ಅಪ್ಪ ಊಟದಿಂದ ಎದ್ದುಬಿಟ್ಟ. "ಅಮ್ಮೋರನ್ನ ಮುಟ್ಟಿದ್ಯಾ? ನಮ್ಮನ್ನ ಬೀದಿಗೆ ತಂದ್ಯಲ್ಲೇ!" ಗದ್ದೆ ಬಿಡಿಸಲು ಒಡೆಯರ ಆಳು ಬರುತ್ತಾನೆಂದು, ಕೊಯ್ಲು ಮುಗಿಯುವವರೆಗೂ ನಾಯಿ ಬೊಗಳಿದರೆ ಸಾಕು, ಎಲ್ಲರೂ ಬಾಗಿಲು ನೋಡುತ್ತಿದ್ದೆವು. ಯಾರೂ ಬರಲಿಲ್ಲ. ಅಮ್ಮನವರು ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲವೆಂದು ಕಾಣುತ್ತದೆ.

ಮದುವೆಯಾಗಿ, ತೀರ್ಥಹಳ್ಳಿಯಲ್ಲಿ ಟೀಚರಾದೆ. ಮೊದಲ ವರ್ಷವೇ, ನಮ್ಮವರೂ ಮುಟ್ಟಿಸಿಕೊಳ್ಳದ ಊರಾಚೆಯ ಕೇರಿಯಿಂದ ಒಬ್ಬ ಹುಡುಗಿ ಕಲಿಯಲು ಬಂದಳು. ಟೇಪು ಹಿಡಿದು ದೂರವೇ ನಿಂತಳು. ಅವಳಿಗೆ ಹೆದರಿಕೆ ನನ್ನನ್ನು ಕಂಡು!

"ಬಾರೇ, ನನ್ನ ಅಳತೆ ತೆಗಿ" ಎಂದೆ.

ಬಂದಳು. ಅವಳ ತಣ್ಣನೆಯ ಕೈ ಹೆಗಲಿಗೆ ತಗುಲಿದಾಗ ನಾನು ಅಲುಗಾಡದೆ ನಿಂತೆ. ಕಣ್ಣು ಮಾತ್ರ ಬಾಗಿಲ ಕಡೆಗೇ ಇತ್ತು. ನಮ್ಮ ಅತ್ತೆ ಅದೇ ದಾರಿಯಲ್ಲಿ ಪೇಟೆಗೆ ಹೋಗುವ ಹೊತ್ತು.